ಕೆಮ್ಮು ಕೇಳದ ಭಾನುವಾರ

ನಮ್ಮಕ್ಕ ನನ್ನ ಮೇಲೆ ಅನುಮಾನ ಪಟ್ಟಿದ್ದು ನಾನು ಹಲ್ಲುಜ್ಜುವಾಗ. ಬಾಯ್ತುಂಬ ನೊರೆ ಇರೋವಾಗ ಎಂಥ ಹೀರೋಗೂ ಡೈಲಾಗ್ ಹೊಡೆಯೋಕಾಗಲ್ಲ, ಅದನ್ನ ನೋಡ್ಕೊಂಡೇ ಬಂದಳೇನೋ. ಬಚ್ಚಲ ಬಾಗಿಲಿಗೆ ಒರಗಿ ನಿಂತು, ಒಳಗಿರೋ ಅಮ್ಮಂಗೆ ಕೇಳಿಸದ ಹಾಗೆ ಕೇಳಿದಳು. "ನಾನು ಬಾಡಿಗೆ ಮನೆ ನೋಡ್ತಿರೋದನ್ನ ನಿಮ್ಮ ಭಾವನಿಗೆ ಹೇಳಿದ್ದು ನೀನೇನಾ?"

ನೊರೆ ಉಗಿದು ಇಲ್ಲ ಅಂದೆ. ಅವಳು ಕನ್ನಡಿಯೊಳಗಿನ ನನ್ನ ಮುಖ ನೋಡ್ತಾ ನಿಂತಳು. ಸಿನಿಮಾದಲ್ಲಿ ಪೊಲೀಸರು ಗಾಜಿನ ಆಚೆ ನಿಂತು ನೋಡ್ತಾರಲ್ಲ, ಹಾಗೆ. ನಾನು ತಪ್ಪೇನೂ ಮಾಡಿರಲಿಲ್ಲ, ಆದ್ರೂ ಕಿವಿ ಬಿಸಿಯಾಯ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ನಾನು ಕದಿಯದೇನೇ ಎರಡೂ ಹೆಗಲು ಮುಟ್ಟಿ ನೋಡ್ಕೊಂಡೆ.

ವಿಷಯ ಇಷ್ಟು. ಅಕ್ಕ ಮಗಳು ಪುಟ್ಟೀನ ಎತ್ಕೊಂಡು ಗಂಡನ ಮನೆ ಬಿಟ್ಟು ನಮ್ಮನೆಗೆ ಬಂದಿದ್ದಳು. ಭಾವ ಹೊಡೆಯೋನಲ್ಲ, ಕುಡಿಯೋನಲ್ಲ. ಕೇಳೋನು. ಎಲ್ಲಿದ್ದೆ, ಯಾರ ಜೊತೆ ಇದ್ದೆ, ಬಸ್ಸು ಆಗಲೇ ಬಂತಲ್ಲ, ನೀನ್ಯಾಕೆ ಈಗ ಬಂದೆ. ಸಂಶಯ ಪಿಶಾಚಿ ಅಂತಾರಲ್ಲ, ಅದಕ್ಕೆ ಇಸ್ತ್ರಿ ಮಾಡಿದ ಶರ್ಟ್ ಹಾಕಿ ನಿಲ್ಲಿಸಿದ್ರೆ ನಮ್ಮ ಭಾವ. ಅಕ್ಕ ರಕ್ತ ಪರೀಕ್ಷೆ ಮಾಡೋ ಲ್ಯಾಬಲ್ಲಿ ಕೆಲಸ ಮಾಡ್ತಾಳೆ. ಅಲ್ಲಿಗೆ ಹತ್ತಿರ ಒಂದು ಸಣ್ಣ ಮನೆ ಹುಡುಕ್ತಿದ್ದಳು, ನಮ್ಮ ಯಾರಿಗೂ ಹೇಳದೆ. ಒಂದು ಮನೆ ಒಪ್ಪಿಗೆ ಆಗಿತ್ತು. ಬೀಗದ ಕೈ ಇಸ್ಕೊಳ್ಳೋಕೆ ಹೋದ್ರೆ ಓನರಮ್ಮ ಬಾಗಿಲು ಅರ್ಧ ತೆಗೆದು, ನಿಮ್ಮ ಯಜಮಾನ್ರು ಬಂದು ಎಲ್ಲ ಹೇಳಿದ್ರು ಕಣಮ್ಮ, ಸಂಸಾರ ಸರಿಮಾಡ್ಕೊಳ್ಳಿ ಅಂತ ಬುದ್ಧಿ ಹೇಳಿ ಕಳಿಸಿದ್ದಳು.

ಆ ಮನೆ ವಿಷಯ ಇದ್ದದ್ದು ಅಕ್ಕನ ಫೋನಲ್ಲಿ ಮಾತ್ರ. ಫೋನಿಗೆ ಲಾಕ್ ಇತ್ತು. ಲಾಕ್ ಬದಲಾಯಿಸಿ ಬದಲಾಯಿಸಿ ಅವಳಿಗೇ ಮರೆತುಹೋಗೋ ಹಾಗಾಗಿತ್ತು. ಹಾಗಾದ್ರೆ ಒಳಗೆ ನುಗ್ಗಿದ್ದು ಯಾರು? ನಮ್ಮನೇಲಿ ಇನ್ನೊಬ್ಬರ ಫೋನಿಗೆ ಕೈ ಹಾಕೋ ಘನ ಚರಿತ್ರೆ ಇರೋದು ಒಬ್ಬಳಿಗೇ. ಅಮ್ಮನ ಫೋನಲ್ಲಿ ಅಪ್ಪನ ಫೋಟೋ ತೆಗೆದು ಎಮ್ಮೆ ಫೋಟೋ ಹಾಕಿದೋಳು ನಾನು. ಸೋದರಮಾವನ ರಿಂಗ್‌ಟೋನಿಗೆ ಕತ್ತೆ ಕೂಗು ಇಟ್ಟೋಳು ನಾನು. ಅದನ್ನೆಲ್ಲ ವಿಡಿಯೋ ಮಾಡಿ ನನ್ನ ಚಾನೆಲ್ಲಿಗೆ ಹಾಕಿದೋಳೂ ನಾನೇ. ಸಾಲದ್ದಕ್ಕೆ ಕೆಲಸ ಮಾಡೋದು ಮಾವನ ಮೊಬೈಲ್ ರಿಪೇರಿ ಅಂಗಡೀಲಿ. ಅದಕ್ಕೂ ಮೇಲೆ, ಅಕ್ಕನ ಮದುವೆ ಆದಾಗಿನಿಂದ ನಾನೂ ಭಾವನೂ ಒಂದೇ ಪಾರ್ಟಿ. ಅವನು ವಿಲನ್ ಡೈಲಾಗ್ ಶುರು ಮಾಡಿದ್ರೆ ನಾನು ಹೀರೋ ಡೈಲಾಗಲ್ಲಿ ಮುಗಿಸ್ತಿದ್ದೆ. ನಂಗೆ "ಡೈಲಾಗ್" ಅಂತ ಹೆಸರಿಟ್ಟೋನೇ ಅವನು. ಈಗ ಬೀದಿಯವರೆಲ್ಲ ಹಾಗೇ ಕರೀತಾರೆ.

"ನಾನು ಇನ್ನೊಂದು ಮನೆ ಹುಡುಕ್ತೀನಿ," ಅಂದಳು ಅಕ್ಕ. "ಎಲ್ಲಿ ಅಂತ ನಿಂಗೂ ಹೇಳಲ್ಲ, ಅಮ್ಮಂಗೂ ಹೇಳಲ್ಲ. ಪುಟ್ಟಿನ ನೋಡಬೇಕು ಅನ್ಸಿದ್ರೆ ಲ್ಯಾಬ್ ಹತ್ತಿರ ಬಾ."

ಇಂಟರ್ವಲ್ಲಿಗೆ ಮೊದಲೇ ಹೀರೋಯಿನ್ನು ಹೊರಟುಹೋದ್ರೆ ಉಳಿದ ಸಿನಿಮಾ ಯಾರು ನೋಡ್ತಾರೆ? ನಮ್ಮಕ್ಕ ಹೇಳಿದ್ರೆ ಮಾಡೋಳೇ. ಬಟ್ಟೆ ಜೋಡಿಸೋಕೆ ಆಗಲೇ ಶುರು ಮಾಡಿದ್ದಳು. ಪುಟ್ಟಿಯ ಸಣ್ಣ ಸಣ್ಣ ಕಾಲುಚೀಲ ಒಂದರೊಳಗೊಂದು ತುರುಕಿ ಚೆಂಡು ಮಾಡಿ ಇಟ್ಟಿದ್ದು ನೋಡಿ ನಂಗೆ ನಿಜವಾಗ್ಲೂ ಹೆದರಿಕೆ ಆಯ್ತು.

ಸರಿ, ಪತ್ತೇದಾರಿಗೆ ಇಳಿದೆ. ಮೊದಲ ಅನುಮಾನ ಅಮ್ಮನ ಮೇಲೆ. ಅಳಿಯನ ಮುಂದೆ ಅಮ್ಮ ಈಗಲೂ ಮೇಣದ ಬತ್ತಿ, ಬೆಂಕಿ ತೋರಿಸದೇನೇ ಕರಗ್ತಾಳೆ. ಅವನು ಭಾನುವಾರ ಮಗು ನೋಡೋಕೆ ಬಂದ್ರೆ ಒಳ್ಳೇ ಲೋಟದಲ್ಲೇ ಟೀ. ಅಮ್ಮನ ಮುಂದೆ ಕೂತು, ಲೈಟು ಅವಳ ಮುಖಕ್ಕೆ ಬೀಳೋ ಹಾಗೆ ಕುರ್ಚಿ ತಿರುಗಿಸಿ, ನಿಜ ಹೇಳು ಅಂದೆ. ಅಮ್ಮ ಕೈಯಲ್ಲಿದ್ದ ಸೌಟು ತೋರಿಸಿದಳು. ವಿಚಾರಣೆ ಅಲ್ಲಿಗೆ ಮುಗೀತು. ಅಲ್ಲದೆ ಅಮ್ಮಂಗೆ ತನ್ನ ಫೋನಿನ ಲಾಕ್ ತೆಗೆಯೋಕೇ ನಾನು ಬೇಕು.

ಎರಡನೇ ಅನುಮಾನ ಮಾವನ ಮೇಲೆ. ಅಕ್ಕನ ಫೋನಿನ ಗಾಜು ಒಡೆದಾಗ ಹಾಕಿಕೊಟ್ಟೋನು ಅವನೇ. ಆದ್ರೆ ಮಾವನ ಅಂಗಡೀಲಿ ಒಂದು ಕಟ್ಟುನಿಟ್ಟು ಇದೆ. ರಿಪೇರಿಗೆ ಬಂದ ಫೋನಿನ ಪಾಸ್‌ವರ್ಡ್ ಕೇಳೋ ಹಾಗಿಲ್ಲ. ಗಿರಾಕಿ ತಾನಾಗೇ ಹೇಳೋಕೆ ಬಂದ್ರೂ ಮಾವ ಎರಡೂ ಕಿವಿ ಮುಚ್ಕೊಂಡು ಅಯ್ಯೋ ಬೇಡ ಬೇಡ ಅಂತಾನೆ. ಲಾಕ್ ತೆಗೆಯಬೇಕು ಅಂದ್ರೆ ಗಿರಾಕಿನೇ ಕೌಂಟರಿಗೆ ಬಂದು ಒತ್ತಬೇಕು, ಆಗ ನಾವಿಬ್ಬರೂ ಗೋಡೆ ಕಡೆ ತಿರುಗಿ ನಿಲ್ಲಬೇಕು. ಬೀದೀಲಿ ಹೋಗೋರಿಗೆ ನಾವೇನೋ ಶಿಕ್ಷೆಗೆ ನಿಂತ ಹಾಗೆ ಕಾಣ್ತೀವಿ. ಅಂಥೋನನ್ನ ನಾನು ಕೇಳಿಬಿಟ್ಟೆ. ಮಾವ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟು, ಕನ್ನಡಕ ತೆಗೆದು, ಎದ್ದು ಹೋಗಿ ಗೋಡೆ ಕಡೆ ತಿರುಗಿ ನಿಂತ. ಅಳ್ತಿದ್ದಾನೋ ನಗ್ತಿದ್ದಾನೋ ಗೊತ್ತಾಗಲಿಲ್ಲ. ಆಮೇಲೆ ಅಕ್ಕನ ಫೋನ್ ತರಿಸಿ, ಅವಳನ್ನೇ ಎದುರಿಗೆ ಕೂರಿಸ್ಕೊಂಡು, ಒಳಗೆ ಕದ್ದು ಕೂತಿರೋ ಆಪ್ ಏನಾದ್ರೂ ಇದೆಯಾ ಅಂತ ಜಾಲಾಡಿದ. ಏನೂ ಇರಲಿಲ್ಲ. ಫೋನ್ ಶುದ್ಧ, ಮನುಷ್ಯರ ಮೇಲೆ ಡೌಟು ಅಂತ ರಿಪೋರ್ಟ್ ಕೊಟ್ಟ. ಅಕ್ಕ ಆ ಮನುಷ್ಯರು ಯಾರು ಅಂತ ಕೇಳದೆ ನನ್ನ ಕಡೆ ನೋಡಿದಳು.

ಒಬ್ಬನ ಸಂಶಯದ ರೋಗ ನಮ್ಮ ಮನೆಗೆಲ್ಲ ಅಂಟಿಬಿಟ್ಟಿತ್ತು. ಅಕ್ಕ ಸ್ನಾನಕ್ಕೆ ಹೋದ್ರೂ ಫೋನ್ ಟವೆಲ್ಲಲ್ಲಿ ಸುತ್ಕೊಂಡು ಹೋಗ್ತಿದ್ದಳು.

ಗುಟ್ಟು ಬಿಟ್ಟುಕೊಟ್ಟಿದ್ದು ನನ್ನದೇ ಒಂದು ತರಲೆ.

ಪುಟ್ಟಿ ಅಲರ್ಜಿಗೆ ದಿನಾ ಸಂಜೆ ಔಷಧಿ ಕುಡೀಬೇಕು. ಕುಡಿಯೋಕೆ ಮನೆಯೆಲ್ಲ ಓಡಿಸ್ತಾಳೆ. ಅದಕ್ಕೆ ಅಕ್ಕನ ಫೋನಿನ ಅಲಾರಂಗೆ ನಾನು ನನ್ನದೇ ಗಂಟಲಲ್ಲಿ ವಿಲನ್ ನಗು ರೆಕಾರ್ಡ್ ಮಾಡಿ ಹಾಕಿದ್ದೆ. ಹಹ್ಹಹ್ಹಾ, ಪುಟ್ಟೀ, ನೀನು ಔಷಧಿ ಕುಡೀತೀಯೋ, ಇಲ್ಲಾ ಔಷಧಿ ಕೈಲಿ ನಿನ್ನ ಕುಡಿಸಲೋ, ಹಹ್ಹಹ್ಹಾ. ಕೊನೇಲಿ ನಗು ಗಂಟಲಿಗೆ ಸಿಕ್ಕಿ ನಾನು ಕೆಮ್ಮಿದ್ದೂ ರೆಕಾರ್ಡ್ ಆಗಿಹೋಗಿತ್ತು. ಪುಟ್ಟಿಗೆ ಆ ಕೆಮ್ಮೇ ಇಷ್ಟ. ಅದು ಬರೋ ತನಕ ಕಾದು, ವಿಲನ್ ಸತ್ತ ಅಂತ ಕಿರುಚಿ, ಆಮೇಲೆ ಬಾಯಿ ತೆಗೀತಾಳೆ. ಹಾಗಾಗಿ ಅಕ್ಕ ಕೆಮ್ಮು ಬರೋ ತನಕ ಅಲಾರಂ ನಿಲ್ಲಿಸಲ್ಲ. ಇದು ನಮ್ಮನೆ ಪದ್ಧತಿ.

ಆ ಭಾನುವಾರ ಭಾವ ಬಂದಿದ್ದ, ಯಾವತ್ತಿನ ಹಾಗೆ ಬಿಸ್ಕೆಟ್ ಪ್ಯಾಕೆಟ್ ಹಿಡ್ಕೊಂಡು. ನಾನು ಒಳಗೆ ರೂಮಲ್ಲಿ ಮುಖ ಊದಿಸ್ಕೊಂಡು ಮಲಗಿದ್ದೆ, ಅಕ್ಕ ಅಡುಗೆಮನೇಲಿ. ಬಿದ್ದು ಒಡೆದ ಮೇಲಿಂದ ಆ ಫೋನಿಗೆ ಚಾರ್ಜ್ ನಿಲ್ಲಲ್ಲ, ಸಂಜೆ ಆದ್ರೆ ಚುಚ್ಚಲೇಬೇಕು. ಚಾರ್ಜ್ ಆಗೋ ಪ್ಲಗ್ಗು ನಮ್ಮನೇಲಿ ಇರೋದು ಹಾಲಲ್ಲಿ, ಟಿವಿ ಪಕ್ಕ. ಲಾಕ್ ಇದೆಯಲ್ಲ ಅನ್ನೋ ಧೈರ್ಯಕ್ಕೆ ಅಕ್ಕ ಅಲ್ಲೇ ಚುಚ್ಚಿದ್ದಳು. ಅಲಾರಂ ಹೊಡ್ಕೊಂಡಿತು. ಹಹ್ಹಹ್ಹಾ, ಪುಟ್ಟೀ, ನೀನು ಔಷಧಿ... ಅಷ್ಟೇ. ಮಧ್ಯೆ ಒಂದು ಸಲ ಟ್ರಿಂ ಅಂತು. ಆಮೇಲೆ ನಿಶ್ಶಬ್ದ.

ಅಕ್ಕ ಅಡುಗೆಮನೆಯಿಂದಲೇ ಯಾರ ಫೋನು ಅಂತ ಕೇಳಿದಳು. ಯಾವುದೋ ಜಾಹೀರಾತಿಂದು, ಕಟ್ ಮಾಡಿದೆ ಅಂದ ಭಾವ. ಪುಟ್ಟಿ ಮಾತ್ರ ಕೆಮ್ಮು ಬರಲಿಲ್ಲ ಅಂತ ಗಲಾಟೆ ಮಾಡಿದಳು. ಭಾನುವಾರ ವಿಲನ್ ಸಾಯೋದೇ ಇಲ್ಲ ಅಂದಳು.

ನಾನು ಎದ್ದು ಕೂತೆ. ಭಾನುವಾರ ಸಾಯೋದೇ ಇಲ್ಲ ಅಂದ್ರೆ? ಮಗು ಹೇಳಿದ್ದು ಸರಿ. ಹೋದ ಭಾನುವಾರವೂ ಕೆಮ್ಮು ಕೇಳಿರಲಿಲ್ಲ, ಅದಕ್ಕೆ ಹಿಂದಿನದ್ದೂ. ವಾರವೆಲ್ಲ ಕೆಮ್ಮೋ ವಿಲನ್ನು, ಪುಟ್ಟಿ ಅಪ್ಪ ಬಂದ ದಿನ ಮಾತ್ರ ನಗ್ತಾ ನಗ್ತಾನೇ ಬಾಯಿ ಮುಚ್ತಾನೆ. ಮತ್ತೆ ಆ ಜಾಹೀರಾತಿನವರು ಅದೆಷ್ಟು ಕರೆಕ್ಟಾಗಿ, ಔಷಧಿ ಹೊತ್ತಿಗೇ ಫೋನ್ ಮಾಡ್ತಾರೆ? ಹಾಲಿಗೆ ಬಂದೆ. ಭಾವ ತನ್ನ ಫೋನ್ ಜೇಬಿಗೆ ಇಳಿಸ್ತಾ, ಏನಮ್ಮ ಡೈಲಾಗು, ನಿದ್ದೆ ಆಯ್ತಾ ಅಂದ. ಮುಖದಲ್ಲಿ ಬಿಸ್ಕೆಟ್ಟಿನಷ್ಟೇ ಸಿಹಿ.

ಮಾರನೇ ದಿನ ಅಂಗಡೀಲಿ ಅದೇ ಮಾಡೆಲ್ ಫೋನ್ ಹಿಡ್ಕೊಂಡು ಕೂತೆ. ಅಗ್ಗ ಅಂತ ಬೀದಿಯ ಅರ್ಧ ಜನ ಕೊಂಡಿರೋ ಫೋನದು. ಅಕ್ಕಂಗೆ ಅದನ್ನ ಹುಟ್ಟುಹಬ್ಬಕ್ಕೆ ಕೊಡಿಸಿದ್ದು ಭಾವನೇ. ಲಾಕ್ ಹಾಕಿ ಅಲಾರಂ ಇಟ್ಟೆ. ಅದು ಹೊಡೀತಿರೋವಾಗಲೇ ನನ್ನ ಫೋನಿಂದ ಕಾಲ್ ಮಾಡಿದೆ. ಎರಡೂ ಒಟ್ಟಿಗೆ ಬಂದ್ರೆ ಫೋನು ತಬ್ಬಿಬ್ಬಾಗತ್ತೆ, ಒಂದೇ ಬಾಗಿಲಲ್ಲಿ ಇಬ್ಬರು ನೆಂಟರು ನುಗ್ಗಿದ ಹಾಗೆ. ಆ ತಬ್ಬಿಬ್ಬಲ್ಲಿ ಬೆರಳಿನ ಒಂದು ಕೆಲಸ ಇದೆ. ಅದನ್ನ ಇಲ್ಲಿ ಬರೆಯಲ್ಲ, ಕಾಡಬೇಡಿ. ಊಟಕ್ಕೂ ಏಳದೆ ಒತ್ತಿ ಒತ್ತಿ, ಬೆರಳು ಜೋಮು ಹಿಡಿದ ಮೇಲೆ, ಫೋನು ಪಾಸ್‌ವರ್ಡ್ ಕೇಳದೇನೇ ಬನ್ನಿ ಒಳಗೆ ಅಂತು. ಮೆಸೇಜು, ಫೋಟೋ, ಎಲ್ಲ.

ಮಾವನ ಫೋನೂ ಅದೇ ಮಾಡೆಲ್. ಅವನ ಎದುರಿಗೇ ತೆಗೆದು ತೋರಿಸಿದೆ. ಇಷ್ಟು ವರ್ಷ ಗೋಡೆ ನೋಡ್ಕೊಂಡು ನಿಂತ ಮನುಷ್ಯ. ಅಲ್ವೇ, ನಾವು ಕಣ್ಣು ಮುಚ್ಚಿದ್ರೂ ಬಾಗಿಲು ತೆರೆದೇ ಇತ್ತಲ್ಲೇ ಅಂದ.

ಕ್ಲೈಮ್ಯಾಕ್ಸ್ ಗೆದ್ದೆ ಅಂತ ಸಂಜೆ ಮನೆಗೆ ಓಡಿದೆ. ಅಡುಗೆಮನೆ ಮೇಜಿನ ಮೇಲೆ ಅಕ್ಕನ ಫೋನ್ ಇಟ್ಟು, ಅವಳ ಕಣ್ಣೆದುರಿಗೇ ತೆಗೆದೆ. ಅವಳ ಮುಖದ ಬಣ್ಣ ಇಳೀತು. ತಬ್ಕೋತಾಳೆ, ಹಿನ್ನೆಲೆ ಸಂಗೀತ ಬರತ್ತೆ ಅಂತ ನಾನು ತೋಳು ಅಗಲಿಸಿ ರೆಡಿ ಆಗಿದ್ದೆ. ಅವಳು ಫೋನ್ ಎಳ್ಕೊಂಡು ಎದೆಗೆ ಒತ್ತಿ ಹಿಡಿದಳು. "ಹಾಗಾದ್ರೆ ನಿಂಗೆ ಬರತ್ತೆ."

ಇವತ್ತು ಕಲಿತಿದ್ದು ಅಂದೆ. ಇವತ್ತೇ ಅಂತ ನಂಗೆ ಹೇಗೆ ಗೊತ್ತಾಗಬೇಕು ಅಂದಳು. ಅವನಿಗೆ ಹೇಳಿಕೊಟ್ಟಿದ್ದೂ ನೀನೇ ಇರಬಹುದಲ್ಲ, ತಮಾಷೆಗೆ, ನಿಮ್ಮಿಬ್ಬರ ಸಿನಿಮಾ ಆಟದ ಥರ.

ಮನೆಗೆ ತೂತು ಇದೆ ಅಂತ ತೋರಿಸಿದೋಳೇ ಕಳ್ಳಿ ಆದೆ.

ಫೋನ್ ಕಂಪನಿಯವರಿಗೆ ತಿಳಿಸು, ಅವರು ದೊಡ್ಡೋರು, ಅವರ ಬಾಯಿಂದ ಬಂದ್ರೆ ನಿಮ್ಮಕ್ಕನೂ ನಂಬ್ತಾಳೆ ಅಂದ ಮಾವ. ಬರೆದೆ. ಕೆಲವು ದಿನ ಬಿಟ್ಟು ಅಂಗಡಿಗೇ ಫೋನ್ ಬಂತು. ಅಕ್ಕನ್ನ ಲ್ಯಾಬಿಂದ ಕರೆಸಿ, ಷಟರ್ ಅರ್ಧ ಎಳೆದು, ಸ್ಪೀಕರಿಗೆ ಹಾಕಿ ಕೂತೆವು. ಆ ಕಡೆ ಒಬ್ಬರು ಮೇಡಂ. ಧ್ವನಿ ಹೇಗಿತ್ತು ಅಂದ್ರೆ, ಬೈದ್ರೂ ಥ್ಯಾಂಕ್ಸ್ ಹೇಳಬೇಕು ಅನ್ನಿಸೋ ಹಾಗೆ. ನಿಮ್ಮಂಥ ಜವಾಬ್ದಾರಿ ಇರೋ ಯುವಜನತೆ ಅಂತ ಶುರು ಮಾಡಿದ್ರು. ಮಾವ ನನ್ನ ಕಡೆ ನೋಡಿ ಯಾರ ಬಗ್ಗೆ ಮಾತಾಡ್ತಿದ್ದಾರೆ ಅಂತ ಕಣ್ಣಲ್ಲೇ ಕೇಳಿದ. ಈ ತೊಂದರೆ ನಮ್ಮ ಗಮನದಲ್ಲಿ ಇದೆ, ಬೇರೆಯವರೂ ಮೊದಲೇ ತಿಳಿಸಿದ್ರು, ಸರಿಪಡಿಸೋ ಕೆಲಸ ನಡೀತಿದೆ ಅಂದ್ರು ಮೇಡಂ. ಅಲ್ಲೀವರೆಗೂ ದಯವಿಟ್ಟು ಯಾರ ಹತ್ತಿರವೂ ಬಾಯಿ ಬಿಡಬೇಡಿ. ಈ ವಿಷಯ ಕೆಟ್ಟವರ ಕೈಗೆ ಸಿಕ್ಕಿದ್ರೆ ಏನಾಗತ್ತೆ ಯೋಚನೆ ಮಾಡಿ. ಆಮೇಲೆ ಅದೇ ಜೇನಿನಂಥ ಧ್ವನೀಲಿ, ನಿಮ್ಮ ಅಂಗಡಿಯ ಪೂರ್ತಿ ವಿಳಾಸ ಏನು, ಅಂಗಡಿ ಯಾರ ಹೆಸರಲ್ಲಿದೆ, ನಿಮ್ಮ ವಿಡಿಯೋ ಚಾನೆಲ್ ಇದೆಯಂತಲ್ಲ, ಎಷ್ಟು ಜನ ನೋಡ್ತಾರೆ ಅಂತೆಲ್ಲ ಕೇಳೋಕೆ ಶುರು ಮಾಡಿದ್ರು. ಮಾವ ಸನ್ನೆ ಮಾಡಿದ, ಹೇಳಬೇಡ ಅಂತ. ಹಾವೂ ಸಾಯಬಾರದು, ಕೋಲೂ ಮುರೀಬಾರದು, ಬಡಿಯೋ ಶಬ್ದವೂ ಹೊರಗೆ ಕೇಳಿಸಬಾರದು, ಇದು ಅವರ ಲೆಕ್ಕ.

ನಿಮಗೆ ಮೊದಲು ಯಾವಾಗ ಗೊತ್ತಾಯ್ತು ಮೇಡಂ ಅಂತ ಕೇಳಿದೆ. ಕ್ಷಮಿಸಿ, ಅದನ್ನ ಹೇಳೋಕೆ ಬರಲ್ಲ ಅಂದ್ರು.

ಅಕ್ಕ ಫೋನ್ ಹತ್ತಿರ ಎಳ್ಕೊಂಡಳು. "ನಂಗೆ ಸಿಕ್ಕಿದ್ದ ಮನೆ ಇದರಿಂದ ಹೋಯ್ತು. ಅವತ್ತು ನಿಮಗೆ ಇದು ಗೊತ್ತಿತ್ತೋ, ಇಲ್ವೋ? ಅಷ್ಟು ಹೇಳಿ ಸಾಕು."

ಮೇಡಂ ಹಿಂದೆ ಯಾರೋ ಕೀಬೋರ್ಡ್ ಒತ್ತೋ ಸದ್ದು ಕೇಳ್ತಿತ್ತು. ಆಮೇಲೆ ನಿಮ್ಮ ಅನಿಸಿಕೆಯನ್ನ ಮೇಲಿನವರಿಗೆ ತಲುಪಿಸ್ತೀನಿ ಅಂದ್ರು, ಧ್ವನಿ ಅಷ್ಟೇ ಸಿಹಿ. ಕಾಲ್ ಕಟ್ಟಾಯ್ತು.

ನೋಡಿದೆಯಾ, ಬೇರೆಯವರಿಗೂ ಮೊದಲೇ ಗೊತ್ತಿತ್ತು ಅಂತ ನಾನು ಎಗರಿದೆ. ಅಕ್ಕ ಲ್ಯಾಬಿನ ಬ್ಯಾಗ್ ಹೆಗಲಿಗೆ ಹಾಕ್ಕೋತಾ, ಬೇರೆಯವರಿಗೆ ಗೊತ್ತಿತ್ತು ಅಂದ ಮಾತ್ರಕ್ಕೆ ನೀನಲ್ಲ ಅಂತ ಆಗಲ್ಲ ಅಂದಳು. ಲ್ಯಾಬಿನೋರ ಕೈಗೆ ಸಿಕ್ಕಿದ್ರೆ ಇದೇ ಕಷ್ಟ. ರಿಪೋರ್ಟ್ ಬರೋ ತನಕ ಜ್ವರಾನೂ ಜ್ವರ ಅನ್ನಲ್ಲ.

ಆದ್ರೆ ಎರಡು ದಿನದಲ್ಲಿ ಅವಳೇ ಮೆತ್ತಗಾದಳು. ಶನಿವಾರ ಬಟ್ಟೆ ಒಣಗಿ ಹಾಕುವಾಗ ಹತ್ತಿರ ಬಂದು, ಬೇಕರಿ ಹಿಂದೆ ಒಂದು ಮನೆ ಸಿಕ್ಕಿದೆ ಕಣೇ, ಸೋಮವಾರ ಸಂಜೆ ನೋಡೋಕೆ ಹೋಗ್ತೀನಿ, ಅಮ್ಮಂಗೂ ಹೇಳಬೇಡ ಅಂದಳು. ನಂಗೆ ಕಣ್ಣಲ್ಲಿ ನೀರೇ ಬಂತು. ನಂಬಿದಳಲ್ಲ. ಭಾನುವಾರ ಬೆಳಗ್ಗೆ ಮಾವ ಅಂಗಡೀಲಿ ಸ್ಟಾಕ್ ಜೋಡಿಸಬೇಕು ಬಾ ಅಂತ ಕರ್ಕೊಂಡು ಹೋಗಿ, ಸಂಜೆ ತನಕ ಬಿಡಲೇ ಇಲ್ಲ. ಟೀಗೂ ಜೊತೆಗೆ ಬಂದ. ನನ್ನ ಫೋನ್ ಬೇರೆ, ಬ್ಯಾಟರಿ ನೋಡ್ತೀನಿ ಅಂತ ಇಸ್ಕೊಂಡು ಬಿಚ್ಚಿ ಹಾಕಿದ. ಮಾವನ ಮೇಲೆ ನಂಗೆ ಮತ್ತೆ ಅನುಮಾನ ಬಂತು ಅನ್ನೋದನ್ನ ಇಲ್ಲಿ ಮುಚ್ಚಿಡಲ್ಲ.

ಸೋಮವಾರ ಸಂಜೆ ಅಕ್ಕ ಅಂಗಡಿಗೆ ಬಂದು, ನಡಿ ಅಂದಳು. ಬೇಕರಿ ಕಡೆ ತಿರುಗ್ತಾಳೆ ಅಂದ್ಕೊಂಡೆ. ತಿರುಗಲಿಲ್ಲ. ಲ್ಯಾಬ್ ದಾಟಿ, ಬಸ್ ಸ್ಟಾಪ್ ದಾಟಿ, ಒಂದು ಲಾಂಡ್ರಿ ಎದುರಿಗೆ, ನಿಂತಿದ್ದ ವ್ಯಾನಿನ ಹಿಂದೆ ನಿಲ್ಲಿಸಿದಳು. ಆ ಕಡೆ ನೋಡು ಅಂದಳು.

ಲಾಂಡ್ರಿ ಮುಂದೆ ಭಾವ ನಿಂತಿದ್ದ. ಇಸ್ತ್ರಿ ಮಾಡಿದ ಶರ್ಟು, ಮುಖದಲ್ಲಿ ಅದೇ ಸಜ್ಜನಿಕೆ. ಮೇಲಿನ ಮನೆ ಬಾಡಿಗೆಗೆ ಕೇಳ್ಕೊಂಡು ಒಬ್ಬ ಹೆಂಗಸು ಬಂದಿದ್ರಾ ಅಂತ ಲಾಂಡ್ರಿಯೋನನ್ನ ವಿಚಾರಿಸ್ತಿದ್ದ. ಲಾಂಡ್ರಿಯೋನು ಮೇಲೆ ತಾರಸಿ ತೋರಿಸಿದ. ಅಲ್ಲಿ ಮನೆಯಿಲ್ಲ, ಮಠವಿಲ್ಲ. ಹಗ್ಗದ ತುಂಬ ಬಿಳೀ ಬೆಡ್‌ಶೀಟ್ ಹಾರಾಡ್ತಿತ್ತು. "ಬಾಡಿಗೆಗೆ ಇಲ್ಲಿ ಹಗ್ಗ ಅಷ್ಟೇ ಸ್ವಾಮಿ ಇರೋದು."

ಆಗ ಅಕ್ಕ ಮೆಲ್ಲಗೆ ರಿಪೋರ್ಟ್ ಓದಿದಳು. ಬೇಕರಿ ಮನೆ ನಂಗೆ ಮಾತ್ರ ಹೇಳಿದ್ದು, ಬಾಯಲ್ಲಿ. ಲಾಂಡ್ರಿ ಮನೆ, ಅದೂ ಸೋಮವಾರ ಸಂಜೆ ನೋಡೋಕೆ ಹೋಗ್ತೀನಿ ಅಂತ, ಫೋನಿಗೆ ಮಾತ್ರ ಹೇಳಿದ್ದು, ಭಾನುವಾರ ನಾನು ಅಂಗಡಿಗೆ ಹೋದ ಮೇಲೆ, ಲ್ಯಾಬಿನ ಗೆಳತಿಗೆ ಮೆಸೇಜ್ ಮಾಡೋ ನೆಪದಲ್ಲಿ. ಅವನು ಬಂದು ಹೋದ ಮೇಲೆ ಅದನ್ನ ಅಳಿಸಿಯೂ ಬಿಟ್ಟಿದ್ದಳು. ಅವನು ಬೇಕರಿ ಹತ್ತಿರ ಹೋಗಿದ್ರೆ ಕಳ್ಳಿ ನಾನು. ಬೇಕರಿ ಎದುರಿಗೆ ಲ್ಯಾಬಿನ ಗೆಳತಿ ಕಾವಲಿಗೆ ನಿಂತಿದ್ದಳಂತೆ. ಮಾವ ನನ್ನ ಹಿಡಿದಿಟ್ಟಿದ್ದೂ ಇದಕ್ಕೇ. ಅಂದ್ರೆ ನಾನು ಎರಡು ದಿನದಿಂದ ನಂಬಿಕಸ್ತ ತಂಗಿ ಆಗಿರಲಿಲ್ಲ, ಸ್ಯಾಂಪಲ್ ಆಗಿದ್ದೆ.

"ನಿನ್ನೆ ಅಡುಗೆಮನೇಲಿ ಕಿವಿ ಕೊಟ್ಟು ನಿಂತಿದ್ದೆ," ಅಂದಳು ಅಕ್ಕ. "ಕೆಮ್ಮು ಬರಲಿಲ್ಲ."

ನನ್ನ ಕೈ ಹುಡುಕಿ ಹಿಡ್ಕೊಂಡಳು. ಸಾರಿ ಅನ್ನಲಿಲ್ಲ. ನಮ್ಮನೇಲಿ ಆ ಪದ ಯಾರೂ ಬಳಸಲ್ಲ, ಕೈ ಗಟ್ಟಿಯಾಗಿ ಹಿಡೀತಾರೆ. ಮೂಳೆ ನೋಯೋ ಹಾಗೆ ಹಿಡಿದಿದ್ದಳು.

ನಾನು ವ್ಯಾನಿನ ಹಿಂದಿಂದ ಆಚೆ ಬಂದೆ. ಸಿನಿಮಾ ಆಗಿದ್ರೆ ಅಲ್ಲಿ ಸ್ಲೋ ಮೋಷನ್. ನಿಜದಲ್ಲಿ ಚರಂಡಿ ದಾಟುವಾಗ ಚಪ್ಪಲಿ ಕಿತ್ತೋಯ್ತು. ಭಾವ ನನ್ನ ನೋಡಿ ಒಂದು ಗಳಿಗೆ ತಡವರಿಸಿದ, ಆಮೇಲೆ ನಕ್ಕ. ಸಿಕ್ಕಿಬಿದ್ದೋನು ನಗೋ ನಗು ಅಲ್ಲ, ಜೊತೆಗಾರ ಸಿಕ್ಕಿದ ಹಾಗೆ. ಓಹೋ, ನೀನೇ ಕಂಡುಹಿಡಿದೆ ಅಂತಾಯ್ತು, ನನ್ನ ನಾದಿನಿ ಅಂದ್ರೆ ಸುಮ್ನೇನಾ ಅಂದ. ಯಾರು ಹೇಳಿಕೊಟ್ರು ಭಾವ ಅಂತ ಕೇಳಿದೆ. ಅವನು ಮುಚ್ಚಿಡೋಕೂ ಹೋಗಲಿಲ್ಲ.

"ನಾನೊಬ್ಬನೇನಾ? ನಮ್ಮಂಥ ಗಂಡಂದಿರದ್ದೇ ಒಂದು ಗ್ರೂಪಿದೆ. ಹೆಂಡತಿಗೆ ಯಾವ ಫೋನ್ ಕೊಡಿಸಬೇಕು ಅನ್ನೋದರಿಂದ ಹಿಡಿದು ಎಲ್ಲ ಅಲ್ಲೇ ಹೇಳಿಕೊಡ್ತಾರೆ."

ನನ್ನ ಹಿಂದೆ ಅಕ್ಕ ಬಂದು ನಿಂತಿದ್ದು ಅವನು ಆಮೇಲೆ ನೋಡಿದ. ಅಕ್ಕ ಹುಟ್ಟುಹಬ್ಬದ ಫೋನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಅಷ್ಟೇ. ಇನ್ನು ಮೇಲೆ ಪುಟ್ಟಿನ ನೋಡಬೇಕಾದ್ರೆ ಮಾವನ ಅಂಗಡೀಲಿ, ಮಾವ ಇರೋವಾಗ ಅಂತ ಹೇಳಿ ತಿರುಗಿ ನಡೆದಳು. ಲಾಂಡ್ರಿಯೋನು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ನೋಡ್ತಾ ನಿಂತುಬಿಟ್ಟಿದ್ದ.

ಅಲ್ಲಿಗೆ ನನ್ನ ಕೇಸು ಗೆದ್ದೆ. ಅಕ್ಕ ಅಲಾರಂ ತೆಗೆದಳು, ಬೇರೆ ಫೋನ್ ಹಿಡಿದಳು. ಕಥೆ ಮುಗೀಬೇಕಿತ್ತು. ಮುಗೀಲಿಲ್ಲ. ಮಾರನೇ ದಿನ ಅಂಗಡಿಗೆ ಅದೇ ಮಾಡೆಲ್ ಹಿಡ್ಕೊಂಡು ಒಬ್ಬ ಹೆಂಗಸು ಬಂದಳು, ಮೈಕು ಸರಿಯಿಲ್ಲ ಅಂತ. ಯಜಮಾನ್ರು ಕೊಡಿಸಿದ್ದು ಅಂದಳು. ಮಾವ ಎಂದಿನ ಹಾಗೆ ಗೋಡೆ ಕಡೆ ತಿರುಗಿ ನಿಂತ. ನಂಗೆ ತಿರುಗೋಕೆ ಆಗಲಿಲ್ಲ. ಅವಳ ಮುಖಾನೇ ನೋಡ್ತಿದ್ದೆ. ಯಜಮಾನ್ರು ಬರೀ ಅಗ್ಗ ಅಂತ ಕೊಡಿಸಿದ್ರೋ, ಇಲ್ಲಾ ಆ ಗ್ರೂಪಲ್ಲಿ ಕೇಳಿ ಕೊಡಿಸಿದ್ರೋ?

ಸಂಜೆ ಮೂವರೂ ಅದೇ ಮಾತು ಹಿಡ್ಕೊಂಡು ಕೂತೆವು. ವಿಡಿಯೋ ಹಾಕಿಬಿಡೋಣ ಅಂದೆ ನಾನು. ಮಾವ ಬೇಡ ಅಂದ. ಗೊತ್ತಿಲ್ಲದ ಕಳ್ಳರಿಗೂ ಕೀ ಮಾಡಿ ಹಂಚಿದ ಹಾಗಾಗತ್ತೆ ಅಂದ. ಗೊತ್ತಿರೋ ಕಳ್ಳರ ಹತ್ತಿರ ಕೀ ಆಗಲೇ ಇದೆ, ಗೊತ್ತಿಲ್ಲದೆ ಇರೋದು ಮನೆಯೋರಿಗೆ ಮಾತ್ರ ಅಂದೆ. ಅದೂ ಸರಿ, ಇದೂ ಸರಿ. ಹಾಗಾದ್ರೆ ಹೇಗೆ ಅಂತ ಹೇಳದೆ ಹುಷಾರಾಗಿರಿ ಅಂತ ಮಾತ್ರ ಹೇಳೋಣ ಅಂದ ಮಾವ. ಏನಂತ ಹೇಳೋದು? "ಈ ಫೋನ್ ಇದ್ದೋರು ಜೋಪಾನ" ಅಂದ್ರೆ ರಸ್ತೆ ನೋಡಿ ದಾಟಿ ಅಂದ ಹಾಗೆ, ಯಾರೂ ಕೇಳಲ್ಲ. ಉಪಯೋಗ ಆಗಬೇಕು ಅಂದ್ರೆ ಅಲಾರಂ ಇಡಬೇಡಿ ಅನ್ನಬೇಕು. ಅಲಾರಂ ಇಡಬೇಡಿ ಅಂದ ತಕ್ಷಣ, ತಲೆ ಇರೋ ಯಾವನಾದ್ರೂ ಅಲಾರಂ ಇಟ್ಟು ಒತ್ತಿ ನೋಡ್ತಾನೆ, ನಾನು ಒತ್ತಿದ ಹಾಗೇನೆ. ಎಚ್ಚರಿಕೆ ಹೇಳಿದ್ರೇ ದಾರಿ ತೋರಿಸಿದ ಹಾಗೆ. ಎಷ್ಟು ತಿರುಗಿಸಿ ಮುರುಗಿಸಿ ನೋಡಿದ್ರೂ ಮಾತು ಅಲ್ಲಿಗೇ ಬಂದು ನಿಲ್ತಿತ್ತು. ಟೀ ಆರಿಹೋಯ್ತು.

ಇನ್ನೊಂದು ಸಮಸ್ಯೆ. ನಾನು ಹೇಳಿದ್ರೆ ಯಾರು ನಂಬ್ತಾರೆ? ನನ್ನ ಚಾನೆಲ್ ತುಂಬ ಇರೋದು ಎಮ್ಮೆ, ಕತ್ತೆ, ವಿಲನ್ ನಗು. ತೋಳ ಬಂತು ತೋಳ ಅಂತ ಕೂಗಿ ಕೂಗಿ ಹೆಸರು ಮಾಡಿದೋಳು ನಾನು. ಇದೂ ಒಂದು ತರಲೆ ಅಂತ ನಕ್ಕು ಮುಂದೆ ಹೋಗ್ತಾರೆ.

ಅಕ್ಕ ತಣ್ಣಗಾದ ಟೀ ಕುಡಿದು ಲೋಟ ಕೆಳಗಿಟ್ಟಳು. ನಾನು ಹೇಳ್ತೀನಿ ಅಂದಳು.

ಎಲ್ಲಿದ್ದೀನಿ ಅಂತ ಯಾರಿಗೂ ತಿಳೀಬಾರದು ಅಂತ ಟವೆಲ್ಲಲ್ಲಿ ಫೋನ್ ಸುತ್ತಿಡ್ತಿದ್ದ ನಮ್ಮಕ್ಕ, ಬರೀ ಗೋಡೆ ಮುಂದೆ ಕುರ್ಚಿ ಹಾಕ್ಕೊಂಡು ಮುಖ ತೋರಿಸಿಕೊಂಡು ಕೂತಳು. ನಾನು ಫೋನ್ ಹಿಡಿದೆ. ಡೈಲಾಗ್ ಬರೆದುಕೊಡ್ತೀನಿ ಅಂದಿದ್ದಕ್ಕೆ ಬೇಡ ಅಂದಿದ್ದಳು. ಹುಟ್ಟುಹಬ್ಬದ ಫೋನು ಎತ್ತಿ ತೋರಿಸಿ, ಲ್ಯಾಬಲ್ಲಿ ರಿಪೋರ್ಟ್ ಕೊಡೋ ಧ್ವನೀಲಿ ಹೇಳಿದಳು. ಈ ಫೋನಲ್ಲಿ ಅಲಾರಂ ತೆಗೀರಿ, ಇವತ್ತೇ. ಹೇಗೆ ಒಡೀತಾರೆ ಅಂತ ಹೇಳಲ್ಲ. ಕಂಪನಿಯವರಿಗೆ ಗೊತ್ತಿದೆ. ನನ್ನ ಗಂಡನಿಗೂ ಗೊತ್ತಿತ್ತು. ನಿಮಗೊಬ್ಬರಿಗೇ ಗೊತ್ತಿರಲಿಲ್ಲ.

ಊರೆಲ್ಲ ಹಬ್ಬಿತು. ಅದೆಷ್ಟು ಕಾಲದಿಂದ್ಲೋ ನಡೀತಿದ್ದ ಕಂಪನಿ ಕೆಲಸ ಆ ವಾರದಲ್ಲೇ ಮುಗೀತು, ತೂತು ಮುಚ್ಚೋ ಅಪ್‌ಡೇಟ್ ಬಂತು. ಜೇನು ಮೇಡಂ ಫೋನ್ ಮಾಡಿ, ಸಿಹಿ ಕಮ್ಮಿ ಮಾಡಿ, ನಿಮ್ಮಿಂದ ಎಷ್ಟು ಜನರಿಗೆ ಅಪಾಯ ಆಯ್ತು ಗೊತ್ತಾ ಅಂತ ಕೇಳಿದ್ರು. ನಾನು ಉತ್ತರಕ್ಕೆ ಒಂದು ಭರ್ಜರಿ ಡೈಲಾಗ್ ರೆಡಿ ಇಟ್ಕೊಂಡಿದ್ದೆ. ಹೊಡೆದೂ ಬಿಡ್ತಿದ್ದೆ, ಅವತ್ತು ಬೆಳಗ್ಗೆ ಆ ಮೆಸೇಜ್ ಬಾರದೇ ಇದ್ದಿದ್ರೆ.

ಯಾರೋ ಗುರುತಿಲ್ಲದ ಹೆಂಗಸು. ಬೈದಿರಲಿಲ್ಲ. "ನಿಮ್ಮ ವಿಡಿಯೋ ನನ್ನ ಗಂಡ ನನಗಿಂತ ಮೊದಲು ನೋಡಿದ," ಅಂತ ಅಷ್ಟೇ ಬರೆದಿದ್ದಳು.

ಅದನ್ನ ಅಕ್ಕಂಗೆ ತೋರಿಸದೆ ಅಳಿಸಿಬಿಡೋಣ ಅಂತ ಒಂದು ಸಲ ಬೆರಳು ಹೋಯ್ತು. ಮುಚ್ಚಿಟ್ರೆ ನಾನೂ ಆ ಮೇಡಂ ಆಗ್ತೀನಿ ಅನ್ನಿಸಿ ತೋರಿಸಿದೆ. ಅಕ್ಕ ಓದಿ, ಕೂತ ಕಡೆಯಿಂದ ಎದ್ದು, ನನ್ನ ಫೋನ್ ತಗೊಂಡು ಒಳಗೆ ಹೋಗಿ ಬಾಗಿಲು ಹಾಕ್ಕೊಂಡಳು. ಆ ಹೆಂಗಸಿಗೆ ಫೋನ್ ಮಾಡಿ ತುಂಬ ಹೊತ್ತು ಮಾತಾಡಿದಳು. ಏನು ಮಾತಾಡಿದ್ರು ಅಂತ ನಾನು ಬಾಗಿಲಿಗೆ ಕಿವಿ ಕೊಡಲಿಲ್ಲ. ಗೋಡೆ ಕಡೆ ತಿರುಗಿ ನಿಂತಿದ್ದೆ. ಈಗ ಅವಳು ಆಗಾಗ ಲ್ಯಾಬಿಗೆ ಬರ್ತಾಳೆ, ಅಕ್ಕನ ಜೊತೆ ಊಟಕ್ಕೆ ಕೂರ್ತಾಳೆ. ನನ್ನ ಕಂಡ್ರೆ ತಲೆ ಆಡಿಸ್ತಾಳೆ, ನಗಲ್ಲ. ನಂಗೂ ಅವಳ ಮುಂದೆ ಯಾವ ಡೈಲಾಗೂ ಬರಲ್ಲ.

ಅಕ್ಕಂಗೆ ಮನೆ ಸಿಕ್ಕಿತು. ಹೋಗೋ ದಿನ ಪುಟ್ಟಿಯ ಕಾಲುಚೀಲದ ಚೆಂಡುಗಳನ್ನ ನಾನೇ ಬ್ಯಾಗಿಗೆ ತುಂಬಿದೆ. ವಿಲನ್ ನಗುವಿಗೆ ಪುಟ್ಟಿ ಹಟ ಹಿಡಿದಳು, ಅಲಾರಂ ಇಲ್ಲ ಅಂತ ನಾನೇ ನಿಂತು ನಕ್ಕು ಕೆಮ್ಮಿ ಔಷಧಿ ಕುಡಿಸಿದೆ. ಆಟೋ ಬಾಗಿಲಲ್ಲಿ ಕಾಯ್ತಿತ್ತು. ಅಡ್ರೆಸ್ ಕಳಿಸು ಅಂತ ಕೇಳೋಕೆ ನಂಗೆ ಬಾಯಿ ಬರಲಿಲ್ಲ. ಅಕ್ಕ ಹತ್ತಿದೋಳು ಮತ್ತೆ ಇಳಿದು ಬಂದಳು. ಅವಳ ಫೋನ್ ಪುಟ್ಟಿ ಕೈಗೆ ಕೊಟ್ಟಳು, ನನ್ನದನ್ನೂ ಇಸ್ಕೊಂಡು ಅಮ್ಮನ ಕೈಗೆ ಕೊಟ್ಟಳು, ನನ್ನ ಕಿವಿ ಹಿಡಿದು ಹತ್ತಿರ ಎಳೆದು, ಮನೆ ನಂಬರು, ಬೀದಿ, ಮೆಟ್ಟಿಲು ಯಾವ ಕಡೆ, ಎಲ್ಲ ಮೆಲ್ಲಗೆ ಹೇಳಿದಳು.

ಎಲ್ಲಿ ಅಂತ ನಿಮಗೂ ಹೇಳಲ್ಲ. ಬೇಜಾರು ಮಾಡ್ಕೋಬೇಡಿ. ನೀವು ಒಳ್ಳೆಯೋರೇ ಇರಬಹುದು, ಆದ್ರೂ.